ಪರದೇಶದ ಆಟ

ನಮ್ಮ ಕ್ರಿಕೆಟ್ ತಂಡ ಪರದೇಶಕ್ಕೆ ಹೊರಟಿತೆಂದರೆ ನಮ್ಮ ಮನೆಗಳಲ್ಲಿಯೂ ಸಿದ್ಧತೆ ಮೊದಲಾಗುತ್ತದೆ. ಆಟ ನ್ಯೂಜಿಲೆಂಡಿನಲ್ಲಾದರೆ ಕೋಳಿ ಕೂಗುವ ಮೊದಲೇ ಏಳಬೇಕು. ವೆಸ್ಟ್ ಇಂಡೀಸಿನಲ್ಲಾದರೆ ಊರು ಮಲಗಿದ ಮೇಲೂ ಎಚ್ಚರವಿರಬೇಕು. ಆಡುವವರು ಹನ್ನೊಂದು ಮಂದಿ, ನಿದ್ದೆಗೆಡುವವರಿಗೆ ಲೆಕ್ಕವಿಲ್ಲ.

ತವರಿನ ಗೆಲುವು ಅಮ್ಮನ ಕೈಯಡುಗೆ. ಪರದೇಶದ್ದು ಬೀಗರ ಮನೆಯ ಪಂಕ್ತಿ: ಬಡಿಸಿದ್ದನ್ನು ಉಣ್ಣಬೇಕು, ಮರ್ಯಾದೆಯನ್ನೂ ಉಳಿಸಿಕೊಳ್ಳಬೇಕು. 1932ರಲ್ಲಿ ಲಾರ್ಡ್ಸಿನಲ್ಲಿ ಮೊದಲ ಟೆಸ್ಟ್ ಆಡಿದ ನಾವು ಹೊರಗಿನ ನೆಲದಲ್ಲಿ ಗೆಲುವಿನ ಮುಖ ಕಂಡದ್ದು 36 ವರ್ಷಗಳ ಮೇಲೆ, 1968ರಲ್ಲಿ, ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ. ಆ ಸರಣಿಯಲ್ಲಿ ನಮ್ಮ ಪ್ರಸನ್ನ 24 ವಿಕೆಟ್ ಕಿತ್ತರು.

ಅಷ್ಟು ಕಾದ ಜನಕ್ಕೆ ತಾಳ್ಮೆ ಹೆಚ್ಚಿರಬೇಕಿತ್ತು. ಹಾಗಾಗಲಿಲ್ಲ. 1971ರಲ್ಲಿ ವೆಸ್ಟ್ ಇಂಡೀಸ್, ಇಂಗ್ಲೆಂಡ್ ಎರಡನ್ನೂ ಅವರವರ ನೆಲದಲ್ಲೇ ಗೆದ್ದುಬಂದ ನಾಯಕ ವಾಡೇಕರರನ್ನು ತಲೆಯ ಮೇಲೆ ಹೊತ್ತು ಮೆರೆಸಿದೆವು. 1974ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಟೆಸ್ಟುಗಳನ್ನೂ ಸೋತು ಬಂದಾಗ ನೆಲಕ್ಕೆ ಇಳಿಸಿದೆವು. ಅವರು ಆಟವನ್ನೇ ಬಿಟ್ಟರು.

ಸೋತವರು ಸೋತೇ ಇರುತ್ತಾರೆಯೆ? 2020ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ 36 ಓಟಕ್ಕೇ ಉರುಳಿದ ತಂಡ ಮುಂದಿನ ತಿಂಗಳು ಬ್ರಿಸ್ಬೇನಿನಲ್ಲಿ ಗೆದ್ದು ಸರಣಿಯನ್ನೇ ಹೊತ್ತು ತಂದಿತು. ಮೊದಲ ಸೋಲಿಗೇ ಮುಸುಕೆಳೆದು ಮಲಗಿದವರು ಅದನ್ನು ಪತ್ರಿಕೆಯಲ್ಲಿ ಓದಿಕೊಂಡರು!

ಆದ್ದರಿಂದ ಮುಂದಿನ ಪ್ರವಾಸಗಳ ಭವಿಷ್ಯ ಕೇಳಿದರೆ ನಾನು ಹೇಳಲಾರೆ. ದಕ್ಷಿಣ ಆಫ್ರಿಕಕ್ಕೆ 1992ರಲ್ಲಿ ಮೊದಲು ಹೋದವರು 2024ರವರೆಗೂ ಅಲ್ಲಿ ಒಂದು ಟೆಸ್ಟ್ ಸರಣಿಯನ್ನೂ ಗೆದ್ದಿರಲಿಲ್ಲ. ಇಂಥ ಬಾಕಿಗಳಿರುವುದರಿಂದಲೇ ನಾವು ಅಲಾರಂ ಇಟ್ಟುಕೊಳ್ಳುತ್ತೇವೆ. ಮೋಡ ಕವಿದ ಬೆಳಗು, ಹಸುರು ಪಿಚ್ಚು, ಹೊಸ ಚೆಂಡು. ಅವುಗಳೆದುರು ನಮ್ಮ ಹುಡುಗನೊಬ್ಬ ಮೊದಲ ಗಂಟೆ ನಿಂತನೆಂದರೆ, ಕಳೆದುಕೊಂಡ ನಿದ್ದೆ ಸಾರ್ಥಕವೇ.