ನಮ್ಮವರು

ಕಳೆದ ರವಿವಾರ ಮಗ ಮೈದಾನದಿಂದ ಬೇಗನೆ ಮರಳಿದ. "ಇವತ್ತು ಅವರೆಲ್ಲ ಒಂದು ಟೀಮು, ಸಾಬರೆಲ್ಲ ಒಂದು ಟೀಮು ಅಂದ್ರು ಅಬ್ಬಾ. ಪಕ್ಕದ ಮನೆಯವನು ಆ ಕಡೆ ಹೋದ. ನನ್ನ ಬೌಲಿಂಗಿಗೆ ಕೀಪಿಂಗ್ ಮಾಡೋರು ಯಾರು?" ಎಂದ. ನನ್ನೆದೆ ಧಸಕ್ಕೆಂದಿತು.

ಇದು ಹೊಸತಲ್ಲ. ಒಂದು ಕಾಲದಲ್ಲಿ ಮುಂಬೈಯ ದೊಡ್ಡ ಟೂರ್ನಿಯೇ ಹೀಗಿತ್ತು. ಯುರೋಪಿಯನ್ನರು ಮತ್ತು ಪಾರ್ಸಿಗಳ ಜೊತೆ 1907ರಲ್ಲಿ ಹಿಂದೂಗಳ, 1912ರಲ್ಲಿ ಮುಸ್ಲಿಮರ ತಂಡ ಸೇರಿತು. 1937ರಲ್ಲಿ ಉಳಿದವರಿಗೆಂದು 'ರೆಸ್ಟ್' ಎಂಬ ಐದನೆಯ ತಂಡ ಬಂತು. ಕ್ರೈಸ್ತರಾದ ವಿಜಯ್ ಹಜಾರೆ ಆಡಿದ್ದು ಅದರಲ್ಲಿ. ಗಾಂಧೀಜಿ ಈ ವಿಂಗಡಣೆಯನ್ನು ವಿರೋಧಿಸಿದರು. 1946ರಲ್ಲಿ ಅದು ನಿಂತಿತು.

ಪ್ರಾಂತ್ಯವಾರು ತಂಡಗಳ ರಣಜಿ ಟ್ರೋಫಿ 1934ರಲ್ಲೇ ಆರಂಭವಾಗಿತ್ತು. ಮೊದಲ ಪಂದ್ಯ ಆಡಿದ್ದು ಮದ್ರಾಸ್ ಮತ್ತು ನಮ್ಮ ಮೈಸೂರು. 1974ರಲ್ಲಿ ಕರ್ನಾಟಕ ಮೊದಲ ಬಾರಿ ಗೆದ್ದಾಗ ಪ್ರಸನ್ನ ನಾಯಕ; ಚಂದ್ರಶೇಖರ್ ಬೌಲರ್, ಸ್ಟಂಪಿನ ಹಿಂದೆ ಸಯ್ಯದ್ ಕಿರ್ಮಾನಿ. ಅಬ್ಬಾ ಅವರನ್ನು ನೆನೆಯುವಾಗ 'ನಮ್ಮವರು' ಎನ್ನುತ್ತಿದ್ದರು. ಆ ಒಂದು ಮಾತಿನೊಳಗೆ ಹನ್ನೊಂದು ಮಂದಿಯೂ ಇದ್ದರು.

"ಮುಂದಿನ ವಾರ ಬೀದಿಗೊಂದು ಟೀಮು ಮಾಡಿ" ಎಂದೆ.

ಮಗ ಕ್ಷಣ ಯೋಚಿಸಿದ. "ಹಾಗಾದ್ರೆ ಅವನು ನಮ್ಮ ಕಡೆಯೇ!" ಎಂದು ಪಕ್ಕದ ಮನೆಯತ್ತ ಓಡಿದ.