ಆರಿದ್ರಿ ಚಿಕ್ಕಿ ಸಿಡಿದರೆ?

ಮಳೆಗಳಿಗೆ ನಕ್ಷತ್ರಗಳ ಹೆಸರಿಟ್ಟ ನಮ್ಮ ಹಿರಿಯರು ಆಕಾಶವನ್ನೂ ಹೊಲವನ್ನೂ ಒಂದೇ ಲೆಕ್ಕದಲ್ಲಿ ಹಿಡಿದರು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಎಣಿಸಬಲ್ಲವರು ನಮ್ಮ ಸೊರಟೂರಿನಲ್ಲಿ ಇಂದಿಗೂ ಮನೆಗೊಬ್ಬರು ಸಿಗುವರು. ಆದರೆ ಆ ಹೆಸರಿನ ಚಿಕ್ಕಿ ಯಾವುದೆಂದು ಬೆರಳೆತ್ತಿ ತೋರಿಸುವವರು ವಿರಳ. ಅದಕ್ಕೆ ಕಾರಣವೂ ಉಂಟು. ಆರಿದ್ರಿ ಮಳೆಯ ದಿನಗಳಲ್ಲಿ ಆ ಚಿಕ್ಕಿ ಸೂರ್ಯನ ಮಗ್ಗುಲಲ್ಲಿದ್ದು ಹಗಲಿನ ಬೆಳಕಿನಲ್ಲಿ ಅಡಗಿರುವದು. ಅದನ್ನು ನೋಡಲು ಚಳಿಗಾಲದ ರಾತ್ರಿಯೇ ಬೇಕು. ನಡುವಿನಲ್ಲಿ ಮೂರು ಚಿಕ್ಕಿಗಳ ಸಾಲನ್ನು ಧರಿಸಿದ ಮಹಾವ್ಯಾಧನ ಭುಜದಲ್ಲಿ ಕೆಂಡದಂತೆ ಮಿನುಗುವದೇ ಆರ್ದ್ರೆ. ಪಾಶ್ಚಾತ್ಯರು ಅದನ್ನು ಬೀಟಲ್‌ಜ್ಯೂಸ್ ಎನ್ನುವರು.

ಈ ನಕ್ಷತ್ರ ಈಗ ಮುಪ್ಪಿನಲ್ಲಿದೆ. ಅದನ್ನು ಸೂರ್ಯನ ಸ್ಥಾನದಲ್ಲಿಟ್ಟರೆ ನಮ್ಮ ಭೂಮಿಯು ಅದರ ಹೊಟ್ಟೆಯೊಳಗೇ ಸೇರೀತು! ಇಂಥ ದೈತ್ಯನ ಉರುವಲು ತೀರಿದಾಗ ಗರ್ಭವು ಕುಸಿದು ಹೊರಮೈ ಸಿಡಿಯುವದು. ಇದಕ್ಕೆ ಸೂಪರ್‌ನೋವಾ ಎಂದು ಹೆಸರು. 2019ರ ಕೊನೆಗೆ ಆರ್ದ್ರೆ ಮಂಕಾಗತೊಡಗಿದಾಗ, ಆ ಕಾಲ ಬಂದಿತೇ ಎಂದು ಅನೇಕರು ಕಾತರದಿಂದ ನೋಡಿದರು. ಅದು ನಕ್ಷತ್ರವೇ ಉಗುಳಿದ ಧೂಳಿನ ಮರೆಯೆಂದು ಆಮೇಲೆ ತಿಳಿಯಿತು. ಸಿಡಿತವು ನಾಳೆಯೂ ಆದೀತು, ಲಕ್ಷ ವರ್ಷ ತಡವೂ ಆದೀತು. ಈಗಾಗಲೇ ಆಗಿಹೋಗಿದ್ದರೂ ನಮಗೆ ಗೊತ್ತಾಗದು. ಅದರ ಬೆಳಕು ಇಲ್ಲಿಗೆ ಬರಲು ಸುಮಾರು 500ರಿಂದ 700 ವರ್ಷ ಬೇಕು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತ ಬರೆಯುತ್ತಿದ್ದ ಕಾಲಕ್ಕೆ ಹೊರಟ ಕಿರಣವೇ ಇಂದು ನಮ್ಮ ಕಣ್ಣಿಗೆ ಬೀಳುತ್ತಿರಬಹುದು.

ಸಿಡಿದರೆ ಕಾಣುವದೇನು? ಕೆಲವು ದಿನ ಹೊಳಪು ಏರುತ್ತ ಹೋಗಿ, ಅರ್ಧಚಂದ್ರನ ಬೆಳಕೆಲ್ಲ ಒಂದು ಸೂಜಿಮೊನೆಯಲ್ಲಿ ಕೂಡಿ ನಿಂತಂತಾಗುವದು. ಅದರಿಂದ ಬೀಳುವ ನೆರಳು ಬೆಳದಿಂಗಳ ನೆರಳಿಗಿಂತ ಚೂಪು; ಕಣದ ಮೇಟಿಯ ನೆರಳು ಗೆರೆ ಕೊರೆದಂತೆ ಬಿದ್ದೀತು. ತಿಂಗಳುಗಟ್ಟಲೆ ಅದು ಹಗಲಿನಲ್ಲಿಯೂ ಕಾಣುವದು. ಬಳಿಕ ಮೆಲ್ಲಮೆಲ್ಲನೆ ಆರಿ, ಕೆಲವು ವರ್ಷಗಳಲ್ಲಿ ಬರಿಗಣ್ಣಿಗೆ ಇಲ್ಲವಾಗುವದು. ಮಹಾವ್ಯಾಧನ ಒಂದು ಭುಜ ಬರಿದಾಗುವದು. ಅಷ್ಟು ದೂರದ ಸಿಡಿತದಿಂದ ನಮಗೆ ಅಪಾಯವೇನೂ ಇಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ನಮ್ಮ ಅಜ್ಜನ ಮುಂದೆ ಹೇಳಿದೆ. ಅಜ್ಜ ಬೆರಗಾಗಲಿಲ್ಲ. "ಚಿಕ್ಕಿ ಹೋದ್ರ ಹೋಗ್ಲಿ ತಮ್ಮಾ, ಆರಿದ್ರಿ ಮಳಿ ಬರತದೋ ಇಲ್ಲೋ, ಅದನ್ನ ಹೇಳು" ಎಂದ. ನಗು ತುಟಿಗೆ ಬಂದರೂ ನಗಲಿಲ್ಲ. ಆ ಮಳೆ ಹುಸಿದ ವರ್ಷ ಜೋಡೆತ್ತಿನಲ್ಲಿ ಒಂದನ್ನು ಮಾರಿ ನನ್ನ ಕಾಲೇಜಿನ ಫೀ ಕಟ್ಟಿದವನು ಇದೇ ಅಜ್ಜ. ತಿಳಿದಷ್ಟು ಹೇಳಿದೆ: ಪಂಚಾಂಗವು ಸೂರ್ಯನ ದಾರಿಯನ್ನು 27 ಸಮಭಾಗ ಮಾಡಿದೆ, ಜೂನ್ 22ರ ಸುಮಾರಿಗೆ ಸೂರ್ಯನು ಆರನೆಯ ಭಾಗಕ್ಕೆ ಕಾಲಿಟ್ಟರೆ ಆರಿದ್ರಿ ಹುಟ್ಟಿತು. ಮೈಲುಗಲ್ಲು ಬಿದ್ದರೂ ದಾರಿ ಇದ್ದೇ ಇರುವದು. ಮಳೆಯನ್ನು ಹೊತ್ತು ತರುವದು ಕಡಲಿನ ಮೇಲಿನ ಗಾಳಿ. ಅದಕ್ಕೆ ಚಿಕ್ಕಿಯ ಹಂಗಿಲ್ಲ.

"ಹಂಗಾದ್ರ ಹೆಸರು ಉಳೀತು ಬಿಡು" ಎಂದು ಅಜ್ಜ ಸಮಾಧಾನಪಟ್ಟ.

ಆಕಾಶಕ್ಕೆ ಇಂಥ ಅತಿಥಿ ಹೊಸಬನಲ್ಲ. 1006ರ ಬೇಸಿಗೆಯಲ್ಲಿ ದಕ್ಷಿಣ ದಿಕ್ಕಿಗೆ ಶುಕ್ರನಿಗಿಂತ ಎಷ್ಟೋ ಪಾಲು ಉಜ್ವಲವಾದ ನಕ್ಷತ್ರವೊಂದು ಮೂಡಿತು. ಚೀನದವರು ಅದನ್ನು ಬರೆದಿಟ್ಟರು. ಈಜಿಪ್ತದ ವೈದ್ಯ ಅಲಿ ಇಬ್ನ್ ರಿದ್ವಾನನೂ ಬರೆದಿಟ್ಟನು. ಇತ್ತ ನಮ್ಮ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದೂ ಅದೇ ಕಾಲಕ್ಕೆ; ಅಲ್ಲಿಯ ಶಾಸನ 1007ರದು. ಉಳಿ ಕೆಳಗಿಟ್ಟ ಶಿಲ್ಪಿಗಳು ರಾತ್ರಿ ದಕ್ಷಿಣಕ್ಕೆ ಮುಖಮಾಡಿದ್ದರೆ ಅದೇ ಬೆಳಕು ಅವರ ಮೈಮೇಲೂ ಬಿದ್ದಿರಬೇಕು. ಆದರೆ ಸಾವಿರ ವರ್ಷ ದಾಟಿ ನಮ್ಮವರೆಗೆ ಬಂದಿರುವದು ಬರೆದಿಟ್ಟವರ ಮಾತು.

ಗೆಳೆಯರೇ, ಆರ್ದ್ರೆ ನಮ್ಮ ಕಾಲದಲ್ಲಿಯೇ ಸಿಡಿದರೆ ದಿನ, ತಾಸು, ಬಣ್ಣ, ನೆರಳು ಎಲ್ಲವನ್ನೂ ಕನ್ನಡದಲ್ಲಿ ಬರೆದಿಡುವ ಹೊಣೆ ಅಕ್ಷರ ಕಲಿತ ನಮ್ಮದು. ಎತ್ತು ಮಾರಿ ಕೊಡಿಸಿದ ವಿದ್ಯೆಯಿಂದ ಅಷ್ಟಾದರೂ ಆಗಬೇಕು.