ಅಮ್ಮಿಯ ವುಝೂ ಮತ್ತು ನಾವು ಮುಚ್ಚಿಟ್ಟ ಬಿರುಕು

ಅಥಣಿಯ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ನಲ್ಲಿಯಿರುವುದು ಮೊಣಕಾಲೆತ್ತರದಲ್ಲಿ. ಎಪ್ಪತ್ತು ದಾಟಿದ ನಮ್ಮ ಅಮ್ಮಿಗೆ ಅದರ ಮುಂದೆ ಕುಳಿತು ವುಝೂ ಮಾಡಿ ಏಳುವುದೇ ದೊಡ್ಡ ಪ್ರಯಾಸ. ಅಸರ್‌ನ ವುಝೂ ಇಶಾವರೆಗೂ ಉಳಿಯಲೆಂದು ಅವರು ಮಧ್ಯಾಹ್ನದ ನಂತರ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಇದು ತಿಳಿದ ದಿನ ಮಕ್ಕಳಾದ ನಾವಿಬ್ಬರೂ ತಲೆತಗ್ಗಿಸಿದೆವು.

ನಿಂತು ಮುಖ, ಕೈ ತೊಳೆಯಲು ಒಂದು ವಾಶ್‌ಬೇಸಿನ್ ಬೇಕಿತ್ತು. ಬಾಗಿಲ ಪಕ್ಕದ ಕಿರಿದಾದ ಮೂಲೆಗೆ ಅಂಗಡಿಯ ಬೇಸಿನ್‌ಗಳು ಹೊಂದಲಿಲ್ಲ. ಅಮ್ಮಿಗೋ ರಾಯಬಾಗದ ತವರುಮನೆಯಲ್ಲಿದ್ದ ಕಲ್ಲಿನ ದೋಣಿಯ ನೆನಪು. ಆದರೆ ಗೌಂಡಿ ಗೋಡೆಯನ್ನು ತಟ್ಟಿ ನೋಡಿ, ಕಲ್ಲುಮಣ್ಣಿನ ಈ ಗೋಡೆ ಅಂಥ ಭಾರ ತಡೆಯದು ಎಂದರು. ಒಂದು ಘನ ಅಡಿ ಕಾಂಕ್ರೀಟ್ ಸುಮಾರು 68 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಥರ್ಮಾಕೋಲ್ ಒಂದು ಕಿಲೋ ಕೂಡ ತೂಗುವುದಿಲ್ಲ. ಆದ್ದರಿಂದ ಒಳಗೆ ಥರ್ಮಾಕೋಲ್, ಹೊರಗೆ ಸಿಮೆಂಟ್ ಎಂದು ನಿಶ್ಚಯಿಸಿ, ಕೆಲಸವನ್ನು ನಾವೇ ಕೈಗೆತ್ತಿಕೊಂಡೆವು.

ಥರ್ಮಾಕೋಲ್ ಹಲಗೆಗಳನ್ನು ಅಂಟಿಸಿ, ದೋಣಿಯಾಕಾರಕ್ಕೆ ಕೊರೆದೆವು. ಮೇಲೆ ಫೈಬರ್ ಜಾಲರಿ ಸುತ್ತಿ, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಸಾಣಿಸಿದ ಮರಳು ಬೆರೆಸಿ, ಅರ್ಧ ಇಂಚು ದಪ್ಪಕ್ಕೆ ಬಳಿದೆವು. ಇಷ್ಟಾದ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ಕನಿಷ್ಠ ಏಳು ದಿನ ತೇವ ಆರದಂತೆ ಕಾಯಬೇಕು. ಸಿಮೆಂಟ್ ಗಟ್ಟಿಯಾಗುವುದು ಬಿಸಿಲಿನಿಂದಲ್ಲ, ನೀರಿನಿಂದ. ಆದರೆ ರಮಝಾನ್ ಹತ್ತಿರ ಬಂದಿತ್ತು. ನಾವು ಒಂದೇ ದಿನ ನೀರುಣಿಸಿ, ಬಿಸಿಲಿಗಿಟ್ಟೆವು. ನೀರು ಹೋಗುವ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡಿತು. ಅದರ ಮೇಲೆ ಸಿಮೆಂಟಿನ ತಿಳಿ ಸವರಿ, ಹೊಳಪು ಕೊಟ್ಟು, ಯಾರಿಗೂ ಹೇಳದೆ ಗೋಡೆಗೆ ಕೂರಿಸಿದೆವು.

ಅಮ್ಮಿ ಮೊದಲ ಬಾರಿಗೆ ನಿಂತು ವುಝೂ ಮಾಡಿದರು. ಕಾಲು ತೊಳೆಯಲು ಮಾತ್ರ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ನಮಗಾಗಿ ಬಹಳ ಹೊತ್ತು ದುಆ ಮಾಡಿದರು. ಆ ದುಆ ಕೇಳುತ್ತ ನಾವು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ನಾಲ್ಕನೆಯ ದಿನ ಫಜ್ರ್‌ನ ವೇಳೆ ಬಿರುಕಿನಿಂದ ಜಿನುಗಿದ ನೀರು ನೆಲದಲ್ಲಿ ಹರಡಿತ್ತು. ಅಮ್ಮಿ ಜಾರಿದರು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಮಣಿಕಟ್ಟು ಉಳುಕಿದ್ದಷ್ಟೇ, ಅಲ್‌ಹಮ್ದುಲಿಲ್ಲಾಹ್. ನಾವು ಎಲ್ಲವನ್ನೂ ಒಪ್ಪಿಕೊಂಡೆವು. ಅವರು ಗದರಲಿಲ್ಲ. "ಹೇಳಿದ್ದರೆ ಇನ್ನೊಂದು ವಾರ ನೆಲದಲ್ಲೇ ಕೂರುತ್ತಿದ್ದೆನಲ್ಲ, ಬೇಟಾ," ಎಂದರಷ್ಟೇ.

ಸಹೀಹ್ ಮುಸ್ಲಿಮ್‌ನ ಒಂದು ಪ್ರಸಂಗ ನಮಗೆ ಬಾಲ್ಯದಿಂದಲೂ ಗೊತ್ತಿತ್ತು. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಕೇಳಿದರು, ವಂಚಿಸುವವನು ತಮ್ಮವನಲ್ಲವೆಂದರು. ಈ ಹದೀಸನ್ನು ನಾವು ಅಂಗಡಿಗಳವರಿಗೆ ಮಾತ್ರ ಅನ್ವಯಿಸುತ್ತಿದ್ದೆವು. ನಮ್ಮದೇ ಬಚ್ಚಲಿನಲ್ಲಿ, ಹೆತ್ತ ತಾಯಿಗೆ ನಾವು ಮಾರಿದ್ದು ಅದೇ ಒದ್ದೆ ಧಾನ್ಯವನ್ನಲ್ಲವೇ?

ಹಾಗಾದರೆ ಥರ್ಮಾಕೋಲನ್ನು ಕಲ್ಲಿನಂತೆ ಕಾಣಿಸುವುದೂ ವಂಚನೆಯೇ? ಅಲ್ಲ. ಒಳಗೇನಿದೆಯೆಂದು ಅಮ್ಮಿಗೆ ಗೊತ್ತಿತ್ತು. ಹಗುರವಾಗಿರುವುದು ದೋಷವೂ ಅಲ್ಲ. ದೋಷವಿದ್ದದ್ದು ಅವರು ನಂಬಿ ಕೈಯೂರುವ ಕಡೆ ನಾವು ಮುಚ್ಚಿಟ್ಟ ಬಿರುಕಿನಲ್ಲಿ.

ಎರಡನೆಯ ಬೇಸಿನ್‌ಗೆ ಏಳು ದಿನ ಗೋಣಿತಟ್ಟು ಹೊದಿಸಿದೆವು. ಬಳಿಕ ತೂತು ಮುಚ್ಚಿ, ನೀರು ತುಂಬಿ, ಕೆಳಗೆ ಒಣ ಕಾಗದ ಹಾಸಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಕಾಗದವನ್ನು ಅಮ್ಮಿಯ ಕೈಗೇ ಕೊಟ್ಟೆವು. ಅದು ಒಣಗಿಯೇ ಇತ್ತು. ಈಗ ಅವರು ಸಂಜೆಯೂ ಬಾಯಾರಿದಾಗಲೆಲ್ಲ ನೀರು ಕುಡಿಯುತ್ತಾರೆ.

ನಮ್ಮ ಸೇವೆಯಲ್ಲಿ ಅಡಗಿದ ಬಿರುಕುಗಳನ್ನು ನಾವೇ ತೋರಿಸಿ ತಿದ್ದಿಕೊಳ್ಳುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.